ಟಾಚಿವಾ ಅಜ್ಜಿಯ ಕೊರಳಿನ ಮೂರು ಸುತ್ತು

ಬೆಪೋಸೊ ಊರಿನಲ್ಲಿ ಕ್ವಾಕು ಬಾಫೊ ಫೋಟೋ ತೆಗೆಯಲು ಕೂತು ಮೂವತ್ತು ವರ್ಷವಾಗಿತ್ತು. ಕೋಕೋ ತೋಟಗಳ ನಡುವಿನ ಆ ಊರಲ್ಲಿ ಯಾವ ಮನೆಯ ಗೋಡೆಗೆ ಮೊಳೆ ಹೊಡೆದಿದ್ದರೂ ಆ ಮೊಳೆಗೆ ತೂಗುತ್ತಿದ್ದದ್ದು ಅವನ ಕೈಯಲ್ಲಾದ ಮುಖವೇ. ಬದುಕಿದ್ದವರಿಗಿಂತ ಸತ್ತವರು ಹೆಚ್ಚು. ಬದುಕಿದ್ದವರು ಹೇಗೂ ಕಣ್ಣೆದುರಿಗೆ ಓಡಾಡಿಕೊಂಡಿರುತ್ತಾರೆ, ಅವರನ್ನು ಗೋಡೆಗೇರಿಸುವ ದರ್ದು ಯಾರಿಗೂ ಇರಲಿಲ್ಲ.

ಅವನ ಕೆಲಸಕ್ಕೆ ಕಟ್ಟುಪಾಡುಗಳಿದ್ದವು. ಎರಡು ಕಿವಿಯೂ ಕಾಣಬೇಕು. ಒಂದೇ ಕಂಡರೆ, ಇನ್ನೊಂದು ಏನಾಯಿತೆಂದು ಹತ್ತು ವರ್ಷದ ಮೇಲೆ ಮೊಮ್ಮಕ್ಕಳು ಕೇಳುತ್ತಾರೆ. ಅಂಗೈ ಮಂಡಿಯ ಮೇಲಿರಬೇಕು, ಹತ್ತು ಬೆರಳೂ ಎಣಿಕೆಗೆ ಸಿಗಬೇಕು. ನಗಬಾರದು, ನಗುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಇಷ್ಟನ್ನೂ ನೋಡಿಕೊಂಡ ಮೇಲೆಯೇ ಅವನು ಕ್ಯಾಮೆರಾದ ಬಾಯಿ ತೆರೆಯುತ್ತಿದ್ದ.

ಆದರೆ ಅಸಲು ಕೆಲಸ ಶುರುವಾಗುತ್ತಿದ್ದದ್ದು ಗಿರಾಕಿ ಎದ್ದು ಮನೆಗೆ ಹೋದ ಮೇಲೆ. ಕಿಟಕಿಯ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದ ಗಾಜು, ಅದರ ಬುಡದಲ್ಲಿ ಬೆಳಕು ತಿರುಗಿಸುವ ಒಂದು ಕನ್ನಡಿ ಚೂರು. ಗಾಜಿನ ಮೇಲೆ ನೆಗೆಟಿವ್ ಅಂಟಿಸಿ, ಸೂಜಿಯ ಹಾಗೆ ಹೆರೆದ ಪೆನ್ಸಿಲ್ ಹಿಡಿದು ಕೂತನೆಂದರೆ ಅವನಿಗೆ ಹಸಿವು ನಿದ್ರೆ ಎರಡೂ ಮರೆಯುತ್ತಿದ್ದವು. ನೆಗೆಟಿವ್ ಮೇಲೆ ಪೆನ್ಸಿಲ್ ತಾಕಿದ್ದು ಕಾಗದದ ಮೇಲೆ ಬೆಳಕಾಗುತ್ತದೆ, ಚೂರಿಯ ಮೊನೆಯಲ್ಲಿ ಕೆರೆದದ್ದು ನೆರಳಾಗುತ್ತದೆ. ಈ ಎರಡೇ ವಿದ್ಯೆಯಲ್ಲಿ ಅವನು ಕೆನ್ನೆಯ ಗುಳಿ ತುಂಬಿಸುತ್ತಿದ್ದ, ಕಣ್ಣಿನ ಕೆಳಗಿನ ಚೀಲಗಳನ್ನು ಬರಿದು ಮಾಡುತ್ತಿದ್ದ, ಹೆಂಡ ಕುಡಿದು ಕೆಂಪಾದ ಕಣ್ಣಿಗೆ ಹಾಲಿನ ಬಿಳುಪು ಕೊಡುತ್ತಿದ್ದ.

ಕೊನೆಗೆ ಕೊರಳು. ಆ ಸೀಮೆಯಲ್ಲಿ ಹೆಂಗಸಿನ ಮುಖಕ್ಕಿಂತ ಮೊದಲು ನೋಡುವುದು ಕೊರಳನ್ನು. ಶಂಖದ ಮೇಲಿರುವ ಹಾಗೆ ಮೈ ಮಡಿದ ಸುತ್ತು ಕೊರಳಲ್ಲಿದ್ದರೆ ಹೊಟ್ಟೆ ತುಂಬಿದ ಮನೆ, ತಣ್ಣಗಿನ ಮನಸ್ಸು ಎಂದು ಲೆಕ್ಕ. ಬೋಳು ಕೊರಳೆಂದರೆ ಸೂರಿಲ್ಲದ ಗುಡಿಸಲು. ದೇವರು ಎಲ್ಲರಿಗೂ ಸುತ್ತು ಕೊಟ್ಟಿರಲಿಲ್ಲ, ಆದ್ದರಿಂದ ಬಾಫೊ ಕೊಡುತ್ತಿದ್ದ. ಹುಡುಗಿಗೆ ಎರಡು, ಮಕ್ಕಳ ತಾಯಿಗೆ ಮೂರು. ಇದನ್ನು ಯಾರೂ ಬಾಯಿ ಬಿಟ್ಟು ಕೇಳಿದ್ದಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಸ್ವಲ್ಪ ನೋಡಿ ಮಾಡಿ" ಎನ್ನುತ್ತಾ ಎರಡು ಬೆರಳಲ್ಲಿ ಕೊರಳು ಸವರಿಕೊಳ್ಳುತ್ತಿದ್ದರು. ಅಷ್ಟೇ. ಮಾರನೆಯ ವಾರ ಫೋಟೋ ನೋಡಿ, "ಅಯ್ಯೋ, ನಾನೇ!" ಎಂದು ಖುಷಿಪಡುತ್ತಿದ್ದರು.

ಆ ವರ್ಷ ಕೋಕೋ ಬೀಜ ಒಣಗಿಸುವ ಕಾಲದಲ್ಲಿ ಟಾಚಿವಾ ಅಜ್ಜಿ ಬಂದಳು. ಹಿಂದೆ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಅವಳ ತಂಗಿಯ ಮಗಳು ಆಕುವಾ. ಅಜ್ಜಿಗೆ ಎಪ್ಪತ್ತು ದಾಟಿತ್ತು. ಒಣಗಿದ ಜೋಳದ ದಂಟಿನಂಥ ಮೈ, ಕೊಕ್ಕರೆಯ ಕೊರಳು. ಆಕುವಾಳಿಗೆ ನಲವತ್ತರ ಹತ್ತಿರ. ಗಂಡ ಸತ್ತಾಗ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಆ ಸೀಮೆಯ ಕಟ್ಟಳೆಯಂತೆ, ಅವನ ಮನೆ ಅವನ ಅಕ್ಕನ ಮಕ್ಕಳ ಪಾಲಾಗಿ, ಅವಳು ಉಟ್ಟ ಬಟ್ಟೆಯಲ್ಲಿ ದೊಡ್ಡಮ್ಮನ ಮನೆಗೆ ಬಂದವಳು ಅಲ್ಲೇ ನಿಂತಿದ್ದಳು. ಒಲೆ, ನೀರು, ಅಜ್ಜಿಯ ಸ್ನಾನ, ಅಜ್ಜಿಯ ಗೊಣಗಾಟ ಎಲ್ಲ ಅವಳದೇ. ದೇವರು ಅವಳಿಗೆ ಮಕ್ಕಳನ್ನು ಕೊಟ್ಟಿರಲಿಲ್ಲ, ಆದರೆ ಕೊರಳಿಗೆ ಎರಡು ಸುತ್ತುಗಳನ್ನು ತಾನೇ ಕೂತು ತಿದ್ದಿದಂತೆ ಇಟ್ಟಿದ್ದ.

"ಸಾವಿನ ಫೋಟೋ ತೆಗೀಬೇಕು ಕಣಪ್ಪ," ಅಂದಳು ಅಜ್ಜಿ. "ನಾನು ಸತ್ತ ಮೇಲೆ ನಮ್ಮೋರು ಯಾವುದೋ ಹಳೇ ಗುರುತಿನ ಚೀಟೀಲಿರೋ ಮುಖ ತಂದು ದೊಡ್ಡದು ಮಾಡ್ಸಿ ಇಡ್ತಾರೆ. ಅದರಲ್ಲಿ ನಾನು ಕೋಳಿ ಕದ್ದೋಳ ಹಾಗಿದೀನಿ."

"ಹಿಂದೆ ಯಾವ ಪರದೆ ಹಾಕಲಿ ಅಜ್ಜಿ? ವಿಮಾನ ಇದೆ, ಸಮುದ್ರ ಇದೆ, ಫ್ರಿಜ್ ಇದೆ."

ಫ್ರಿಜ್ಜಿನ ಪರದೆ ಊರಿಗೇ ಪ್ರಿಯ. ಬಾಗಿಲು ತೆರೆದ ಫ್ರಿಜ್, ಅದರೊಳಗೆ ಎರಡು ಇಡೀ ಮೀನು, ಒಂದು ಕೋಳಿ, ಬಾಟಲಿಗಳು, ಒಂದು ಕಿತ್ತಳೆ ರಾಶಿ. ಬೆಪೋಸೊಗೆ ಕರೆಂಟು ಬಂದಿರಲಿಲ್ಲ. ಅಜ್ಜಿ ಫ್ರಿಜ್ಜನ್ನೇ ಆರಿಸಿಕೊಂಡಳು.

"ಸಾಯೋಕ್ಕೆ ಹೋಗೋಳಿಗೆ ಮೀನ್ಯಾಕೆ ದೊಡ್ಡಮ್ಮಾ?" ಅಂದಳು ಆಕುವಾ ನಗುತ್ತ, ಅವಳ ಸೆರಗು ಸರಿಮಾಡುತ್ತ.

"ನೀನು ಸುಮ್ನಿರು. ಹೋಗೋ ಊರಲ್ಲಿ ಏನು ಸಿಗುತ್ತೋ ಏನೋ."

ಹತ್ತು ಬೆರಳು, ಎರಡು ಕಿವಿ, ನಗದ ಬಾಯಿ. ಫೋಟೋ ಆಯಿತು. ಬಾಗಿಲ ಹತ್ತಿರ ಅಜ್ಜಿ ನಿಂತಳು, ಎರಡು ಬೆರಳು ಕೊರಳಿಗೆ ಹೋದವು. ಬಾಫೊ ತಲೆಯಾಡಿಸಿದ. ಅಂಥ ಕೊರಳಿಗೆ ಮೂರು ಸುತ್ತು ತರಲು ಅವನಿಗೆ ಎರಡು ದಿನ ಹಿಡಿಯಿತು. ಬಂದಾಗ ಮಾತ್ರ ಅದು ಅವನ ಮೂವತ್ತು ವರ್ಷದಲ್ಲೇ ಚೆಂದದ ಕೊರಳಾಗಿತ್ತು. ಅವನು ಅದನ್ನು ಒಂದು ವಾರ ಕಿಟಕಿಯಲ್ಲಿಟ್ಟುಕೊಂಡು ಹೋಗುವವರು ಬರುವವರಿಗೆಲ್ಲ ತೋರಿಸಿದ. ಎಡವಿದ್ದು ಅಲ್ಲೇ.

*

ಅಜ್ಜಿಯ ತಮ್ಮ ಜಾಂಫಿ ಆ ಕುಟುಂಬದ ಯಜಮಾನ. ಅವನಿದ್ದದ್ದು ಎರಡು ಹಳ್ಳಿ ಆಚೆ. ನಲವತ್ತೆರಡು ದಿನಕ್ಕೊಮ್ಮೆ ಬರುವ ಅದಾಯ್ ಭಾನುವಾರ ತೀರಿಹೋದ ಹಿರಿಯರ ಪೀಠಗಳಿಗೆ ಎಡೆಯಿಡಲು ಬರುತ್ತಿದ್ದ, ಎಡೆಯಿಟ್ಟು ಉಂಡು ಹೋಗುತ್ತಿದ್ದ. ಅಕ್ಕನ ಮುಖವನ್ನು ಅವನು ನೆಟ್ಟಗೆ ನೋಡಿ ವರ್ಷಗಳಾಗಿದ್ದಿರಬೇಕು. ಆ ಸಲ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಅಕ್ಕ. ಆಮೇಲೆ ಜಗುಲಿಯ ಅಕ್ಕ. ಅವನು ಒಬ್ಬಳಿಂದ ಇನ್ನೊಬ್ಬಳಿಗೆ ಮೂರು ಸಲ ಕಣ್ಣಾಡಿಸಿದ.

"ಇದು ಯಾವಾಗ ತೆಗೆದದ್ದು?"

"ಹೋದ ತಿಂಗಳು ಮಾವ," ಅಂದಳು ಆಕುವಾ, ಫುಫು ಮುದ್ದೆಯ ಬಟ್ಟಲು ಅವನ ಮುಂದಿಡುತ್ತ.

"ಒಂದು ತಿಂಗಳಲ್ಲಿ ಮೂರು ಸುತ್ತು ಇಳಿದುಹೋಯ್ತಾ?" ಯಜಮಾನನ ದೃಷ್ಟಿ ಬಟ್ಟಲಿನಿಂದ ಮೇಲೇರಿ ಆಕುವಾಳ ಕೊರಳ ಮೇಲೆ ನಿಂತಿತು. ಎರಡು ಸುತ್ತು ತಂಪಾಗಿ, ತುಂಬಿಕೊಂಡು, ಬೆವರಲ್ಲಿ ಹೊಳೆಯುತ್ತಿದ್ದವು. ಅವನು ಊಟಕ್ಕೆ ಕೈ ಹಾಕಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಬಾವಿಕಟ್ಟೆ ಮುಟ್ಟಿತ್ತು. ಅರವತ್ತು ವರ್ಷ ಟಾಚಿವಾಳ ಬೋಳು ಕೊರಳನ್ನು ದಿನಾ ನೋಡಿದವರೇ, "ಹೌದಲ್ಲಾ, ಫೋಟೋದಲ್ಲಿ ಎಷ್ಟು ತುಂಬ್ಕೊಂಡಿದ್ಲು!" ಎಂದು ಕೆನ್ನೆಗೆ ಕೈ ಕೊಟ್ಟರು. ಫ್ರಿಜ್ಜಿನ ಮಾತು ಬಂತು. "ಹಿಂದುಗಡೆ ಎರಡು ಮೀನು, ಒಂದು ಕೋಳಿ. ಎಲ್ಲ ಎಲ್ಲಿಗೋಯ್ತು ಹೇಳು?" ಮೂರು ಸುತ್ತಿನಲ್ಲಿ ಎರಡು ಆಕುವಾಳ ಕೊರಳಲ್ಲಿ ಸಿಕ್ಕಿತ್ತು. ಮೂರನೆಯದನ್ನು ಎಲ್ಲಿಟ್ಟಿದ್ದಾಳೋ ಎಂದು ಮಾತ್ರ ಊರು ತಲೆ ಕೆಡಿಸಿಕೊಂಡಿತು.

ಮಾರನೆಯ ಬೆಳಿಗ್ಗೆ ಆಕುವಾ ಬಾಫೊನ ಬಾಗಿಲಲ್ಲಿ ನಿಂತಿದ್ದಳು. ಅವನು ಪೆನ್ಸಿಲ್ ಹೆರೆಯುತ್ತಿದ್ದ.

"ಗುರುವಾರ ಕುಟುಂಬದ ಸಭೆ. ದೊಡ್ಡಮ್ಮಂಗೆ ಅನ್ನ ಹಾಕದೆ ನಾನು ತಿಂದೆ ಅಂತ ತೀರ್ಮಾನ ಆದ್ರೆ ನನ್ನ ಗಂಟು ಬೀದೀಲಿ ಬೀಳುತ್ತೆ. ಈ ಬಾಗಿಲು ಮುಚ್ಚಿದ್ರೆ ನನಗೆ ಇನ್ನೊಂದು ಬಾಗಿಲು ಇಲ್ಲ, ಗೊತ್ತಲ್ಲ?"

"ಗೊತ್ತು ತಾಯಿ."

"ಆ ಸುತ್ತು ಬರೆದೋನು ನೀನು. ಬಂದು ಹೇಳು."

ಬಾಫೊ ಪೆನ್ಸಿಲಿನ ಮೊನೆಯನ್ನು ಬೆಳಕಿಗೆ ಹಿಡಿದ. "ಅದನ್ನ ಹೇಳೋಕಾಗುತ್ತಾ ಆಕುವಾ? ಒಂದು ಕೊರಳಿಂದು ಹೇಳಿದ್ರೆ ಊರ ಕೊರಳೆಲ್ಲ ಕೇಳ್ತಾವೆ."

"ನಾನೂ ಬುಧವಾರ ಹುಟ್ಟಿದೋಳು, ನೀನೂ ಬುಧವಾರ ಹುಟ್ಟಿದೋನು. ನಾನು ಆಕುವಾ, ನೀನು ಕ್ವಾಕು, ಒಂದೇ ದಿನದ ಹೆಸರು ಇಟ್ಕೊಂಡು ನನ್ನ ಬೀದಿಗೆ ಹಾಕ್ತೀಯಾ?"

ಒಳಗಿನಿಂದ ಅವನ ಹೆಂಡತಿ ಎಸಿ ಕೂಗಿದಳು: "ಹೋಗಿ ಹೇಳ್ರೀ! ಹಾಗೇ ನಮ್ಮ ಮದುವೆ ಫೋಟೋದಲ್ಲಿ ನನ್ನ ಕೊರಳು ಯಾರದು ಅಂತಾನೂ ಹೇಳ್ಬಿಡಿ!"

"ನಿಂದು ನಿಜವಾದ್ದು ಕಣೇ," ಅಂದ ಬಾಫೊ. ಮೂವತ್ತು ವರ್ಷದ ಅಭ್ಯಾಸ. ಬಾಯಿ ತಾನಾಗಿ ಹೇಳಿತು.

ಆದರೂ ಅವನು ಹೋಗಿ ಹೇಳುವುದೆಂದೇ ತೀರ್ಮಾನಿಸಿದ.

*

ಅಂಗಳದಲ್ಲಿ ಬೆಂಚು ಹಾಕಿದ್ದರು. ನಡುವೆ ಒಂದು ಕುರ್ಚಿಯ ಮೇಲೆ ಫೋಟೋ, ಅದರ ಪಕ್ಕದ ಮಣೆಯ ಮೇಲೆ ಟಾಚಿವಾ ಅಜ್ಜಿ. ಕುರ್ಚಿ ಫೋಟೋಗೆ ಹೋದದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ಅಜ್ಜಿಗೂ ಅನ್ನಿಸಲಿಲ್ಲ. ಆಕುವಾ ಒಲೆಯ ಮೂಲೆಯಲ್ಲಿ ನಿಂತಿದ್ದಳು, ಕೊರಳಿಗೆ ಬಟ್ಟೆ ಸುತ್ತಿಕೊಂಡು.

ಹಿರಿಯರ ಸಭೆಯಲ್ಲಿ ಯಜಮಾನನೊಂದಿಗೆ ಯಾರೂ ನೇರ ಮಾತಾಡುವ ಹಾಗಿಲ್ಲ. ನಡುವೆ ಕೋಲು ಹಿಡಿದ ಮಾತುಗಾರ ಕೂತಿರುತ್ತಾನೆ; ನೀವು ಅವನಿಗೆ ಹೇಳಬೇಕು, ಅವನು ಅದನ್ನು ಹಿರಿಯರ ಕಿವಿಗೆ ತಕ್ಕ ಹಾಗೆ ಮಾಡಿ ದಾಟಿಸಬೇಕು. ಆ ಊರಿನ ಮಾತುಗಾರ ಅಂಪೆಮ್ ಕೈಯಲ್ಲಿ ಬೈಗುಳ ಸಿಕ್ಕರೂ ಹಾರೈಕೆಯಾಗಿ ಹೊರಬರುತ್ತಿತ್ತು. ಅದಕ್ಕೇ ಅವನ ಬಾಯಿಗೆ ಮೂರು ಊರಲ್ಲಿ ಹೆಸರು.

ನೆಲಕ್ಕೆ ಹೆಂಡ ಎರೆದು ಸತ್ತ ಹಿರಿಯರನ್ನು ಕರೆದಾದ ಮೇಲೆ ಬಾಫೊ ಎದ್ದು ನಿಂತ. "ಆ ಸುತ್ತು ನಾನು ಬರೆದದ್ದು. ಪೆನ್ಸಿಲ್ಲಲ್ಲಿ. ಅಜ್ಜಿ ಕೊರಳಲ್ಲಿ ಅದು ಯಾವತ್ತೂ ಇರ್ಲಿಲ್ಲ."

ಅಂಪೆಮ್ ಕಣ್ಣು ಮುಚ್ಚಿ ಕೇಳಿದ. ಕೋಲು ಊರಿ ಯಜಮಾನನ ಕಡೆ ತಿರುಗಿದ. "ಒಡೆಯಾ, ಫೋಟೋ ಮೇಷ್ಟ್ರು ಹೇಳ್ತಾರೆ: ಚಂದ್ರ ಮೋಡದ ಹಿಂದೆ ಹೋದ್ರೂ ಹುಣ್ಣಿಮೆ ಹುಣ್ಣಿಮೆಯೇ. ತಾಯಿಯವರ ಕೊರಳಿನ ಸುತ್ತುಗಳು ನಾಚಿಕೆ ಸ್ವಭಾವದವು. ಇವರ ಪೆನ್ಸಿಲ್ಲು ಹೋಗಿ ಬಾಗಿಲು ತಟ್ಟಿತು, ಅವು ಎದ್ದು ಹೊರಗೆ ಬಂದವು."

"ನಾನು ಹಾಗೆ ಹೇಳ್ಲಿಲ್ಲ!"

"ಹಾಗೆ ಹೇಳ್ಲಿಲ್ಲ ಅಂತಾರೆ. ದೊಡ್ಡವರು, ತಮ್ಮ ಕೆಲಸ ತಾವು ಹೊಗಳಿಕೊಳ್ಳೋದಿಲ್ಲ."

ಸಭೆ ಮೆಚ್ಚಿ ಗುನುಗಿತು. ಬಾಫೊ ಜೇಬಿನಿಂದ ನೆಗೆಟಿವ್ ತೆಗೆದು ಬಿಸಿಲಿಗೆ ಹಿಡಿದ. "ನೋಡ್ರಪ್ಪಾ, ಇಲ್ಲಿ ಪೆನ್ಸಿಲಿನ ಗುರುತು ಕಾಣುತ್ತೆ." ನಾಲ್ಕು ಜನ ಬಗ್ಗಿ ನೋಡಿದರು. ಅಲ್ಲಿದ್ದವಳ ಮುಖ ಬೆಳ್ಳಗೆ, ಕಣ್ಣಿನ ಬಿಳುಪು ಕಪ್ಪಗೆ, ಕೂದಲು ಹೊಗೆಯಂತೆ ಇತ್ತು.

"ಇದ್ಯಾರೋ ಬಿಳೀ ಹೆಂಗಸು," ಅಂದ ಒಬ್ಬ ಮುದುಕ. "ನಮ್ಮ ಟಾಚಿವಾ ವಿಷಯಕ್ಕೆ ಇವಳ್ಯಾಕೆ ಬಂದ್ಲು?"

ಆಗ ಹಿಂದಿನ ಬೆಂಚಿನಿಂದ ಹೊಗೆಮೀನು ಮಾರುವ ಅಡ್ವೋವಾ ಎದ್ದಳು. ಅವಳ ತಾಯಿ ಸತ್ತು ಎಂಟು ವರ್ಷ; ಫೋಟೋ ನಡುಮನೆಯಲ್ಲಿ ತೂಗುತ್ತಿತ್ತು. "ಒಂದ್ ಮಾತು ಮೇಷ್ಟ್ರೇ. ಹಾಗಾದ್ರೆ ನಮ್ಮವ್ವನ ಕೊರಳೂ ನಿಮ್ಮ ಬರಹಾನಾ?"

ಬಾಫೊ ಅವಳನ್ನು ನೋಡಿದ. ದಿನಾ ಬೆಳಿಗ್ಗೆ ಆ ಫೋಟೋದ ಮುಂದೆ ನಿಂತು, ಅವ್ವನಿಗೆ ಮಾತು ಹೇಳಿ ಸಂತೆಗೆ ಹೋಗುವವಳು.

"ನಿಮ್ಮವ್ವಂದು ನಿಜವಾದ್ದು," ಅಂದ.

"ನಮ್ಮಕ್ಕಂದು?" ಎಂದ ಇನ್ನೊಬ್ಬ.

"ಅದೂ ನಿಜವಾದ್ದು."

"ನನ್ನ ಹೆಂಡ್ತೀದು? ಹೆರಿಗೇಲಿ ಹೋದೋಳು?"

"ನಿಜವಾದ್ದಪ್ಪ. ನಾನೇ ಕಣ್ಣಾರೆ ಕಂಡಿದೀನಿ."

ಹೀಗೆ ಹನ್ನೊಂದು ಜನ ಕೇಳಿದರು, ಹನ್ನೊಂದು ಕೊರಳಿಗೂ ಬಾಫೊ ಸಾಕ್ಷಿ ಹೇಳಿದ. ಹನ್ನೊಂದನೆಯದಾಗುವಷ್ಟರಲ್ಲಿ ಅವನ ನಿಜ ಸತ್ತೇಹೋಗಿತ್ತು. ಯಜಮಾನ ಜಾಂಫಿ ಬಾಯಿ ಬಿಟ್ಟ: "ಊರಿನ ಕೊರಳೆಲ್ಲ ನಿಜ, ನಮ್ಮಕ್ಕನ ಕೊರಳೊಂದೇ ಬರಹ. ಇವನಿಗೆ ಆಕುವಾ ಏನು ತಿನ್ನಿಸಿದಾಳೆ ಕೇಳಿ."

ಅಂಪೆಮ್ ಇದನ್ನು ಬಾಫೊಗೆ ದಾಟಿಸಿದ: "ನಿಮ್ಮ ದಯಾಗುಣ ದೊಡ್ಡದು ಅಂತಾರೆ ಯಜಮಾನರು."

ಕೊನೆಗೆ ಅಜ್ಜಿಯನ್ನೇ ಕೇಳುವುದು ಎಂದಾಯಿತು. ಅವಳು ಮಣೆಯ ಮೇಲಿಂದ ಕುರ್ಚಿಯ ಕಡೆ ಕತ್ತೆತ್ತಿ ನೋಡಿದಳು. ಕುರ್ಚಿಯಲ್ಲಿದ್ದವಳು ಕೊಬ್ಬಿದ ಕೊರಳಲ್ಲಿ, ಮೀನು ಕೋಳಿಗಳ ಮುಂದೆ, ಯಾರಿಗೂ ಕೇರ್ ಮಾಡದ ಮುಖದಲ್ಲಿ ಕೂತಿದ್ದಳು. ಅಜ್ಜಿ ಆಕುವಾಳನ್ನು ನೋಡಿದಳು. ಮತ್ತೆ ಕುರ್ಚಿಯನ್ನು ನೋಡಿದಳು.

"ನನ್ನ ಕೊರಳು ನಾನು ಹ್ಯಾಗೆ ನೋಡ್ಕೊಳ್ಳಲಿ?" ಅಂದಳು. "ನನ್ನ ಗಂಡ ನೋಡ್ತಿದ್ದ. ಅವನು ಹೋದ."

ಆಕುವಾ ಒಲೆಯ ಮೂಲೆಯಲ್ಲಿ ಬಟ್ಟೆ ಇನ್ನೊಂದು ಸುತ್ತು ಬಿಗಿದುಕೊಂಡಳು.

ತೀರ್ಮಾನ ಹೀಗಾಯಿತು: ಮುಂದಿನ ಅದಾಯ್ ವರೆಗೆ, ಅಂದರೆ ಇನ್ನು ಮೂವತ್ತೆಂಟು ದಿನ, ಆಕುವಾ ದೊಡ್ಡಮ್ಮನಿಗೆ ಉಣ್ಣಿಸಬೇಕು. ಆ ಹೊತ್ತಿಗೆ ಬಾಫೊ ಇಬ್ಬರ ಫೋಟೋನೂ ತೆಗೆದಿಡಬೇಕು, ಸುತ್ತುಗಳನ್ನು ಕಂಡಿದ್ದ ಅದೇ ಕ್ಯಾಮೆರಾದಲ್ಲಿ. ಅಜ್ಜಿಯ ಸುತ್ತು ಅಜ್ಜಿಯ ಕೊರಳಿಗೆ ವಾಪಸು ಬಂದು, ಆಕುವಾಳ ಕೊರಳು ಖಾಲಿಯಾಗಿದ್ದರೆ ಅವಳು ಮನೆಯಲ್ಲಿರಬಹುದು. ಇಲ್ಲವಾದರೆ ಅದೇ ದಿನ ಗಂಟು ಕಟ್ಟಬೇಕು. ಬಾಫೊನ ಕೈಯನ್ನು ನಂಬುವ ಹಾಗಿಲ್ಲವಾದ್ದರಿಂದ ಮಾತುಗಾರ ಅಂಪೆಮ್ ಅವನ ಪಕ್ಕದಲ್ಲೇ ಕೂತು ಕಾಯಬೇಕು.

*

ಆ ಮೂವತ್ತೆಂಟು ದಿನ ಆಕುವಾಳ ಒನಕೆ ನಿಲ್ಲಲಿಲ್ಲ. ಗೆಣಸು, ಬಾಳೆಕಾಯಿ ಬೇಯಿಸಿ ಕುಟ್ಟಿ ಫುಫು ಮಾಡಿದಳು. ತಾಳೆಹಣ್ಣಿನ ಸಾರಿಗೆ ಬಸವನಹುಳು ಹಾಕಿದಳು, ಹೊಗೆಮೀನು ಹಾಕಿದಳು. ಇದ್ದ ಹುಂಜವನ್ನು ಕೊಯ್ದಳು. ಅಜ್ಜಿಗೆ ಜೀವಮಾನವೆಲ್ಲ ಸುಟ್ಟ ಬಾಳೆಕಾಯಿ, ಒಂದು ಹಿಡಿ ಕಡಲೆಕಾಯಿ ಬಿಟ್ಟು ಬೇರೇನೂ ಒಗ್ಗದು.

"ಬಾಯಿ ತೆಗಿ ದೊಡ್ಡಮ್ಮಾ."

"ಹೊಟ್ಟೆ ಬಿರಿಯುತ್ತೆ ಕಣೇ. ನನ್ನ ಕೊಂದ್ರೆ ಫೋಟೋ ಇಡೋಕೆ ಅನುಕೂಲ ಅಂತಾನಾ?"

"ಅವತ್ತು ಸಭೇಲಿ ನೀನು ಒಂದು ಮಾತು ಹೇಳಿದ್ರೆ ಈ ಬಟ್ಟಲು ಬರ್ತಿರ್ಲಿಲ್ಲ."

ಅಜ್ಜಿ ಬಾಯಿ ತೆರೆಯುತ್ತಿದ್ದಳು.

ತಿಂದದ್ದೆಲ್ಲ ಅಜ್ಜಿಯ ಹೊಟ್ಟೆಗೆ, ಸ್ವಲ್ಪ ಕೆನ್ನೆಗೆ, ಮಿಕ್ಕದ್ದು ಪಾದಕ್ಕೆ ಹೋಯಿತು. ಕೊರಳು ಇದ್ದ ಹಾಗೇ ಉಳಿಯಿತು. ಹೆಗಲ ಮೇಲೆ ನೆಟ್ಟ ಬಿದಿರು. ಆಕುವಾ ಚಿಂತೆಯಲ್ಲಿ ಉಣ್ಣುವುದನ್ನೇ ಬಿಟ್ಟಳು. ಸೊಂಟದ ಬಟ್ಟೆ ಸಡಿಲಾಯಿತು, ಬೆನ್ನಿನ ಮೂಳೆ ಕಂಡಿತು. ಅವಳ ಎರಡು ಸುತ್ತೂ ಅಲ್ಲೇ ಇದ್ದವು, ಇನ್ನೂ ಚೆನ್ನಾಗಿ ಕೊರೆದಂತೆ ಕಾಣುತ್ತಿದ್ದವು. ಹುಟ್ಟಿನಿಂದ ಬಂದದ್ದು ಉಪವಾಸಕ್ಕೆ ಹೋಗುತ್ತದೆಯೇ?

ಅದಾಯ್‌ಗೆ ನಾಲ್ಕು ದಿನ ಮೊದಲು ಇಬ್ಬರೂ ಬಾಫೊನಲ್ಲಿಗೆ ಬಂದರು. ಅಂಪೆಮ್ ಕೋಲು ಸಮೇತ ಮೊದಲೇ ಬಂದು ಕೂತಿದ್ದ. ಅಜ್ಜಿ ಫ್ರಿಜ್ಜಿನ ಪರದೆ ಬೇಡವೆಂದಳು. ಈಗ ಮೀನು ಕಂಡರೆ ಅವಳಿಗೆ ವಾಕರಿಕೆ. ವಿಮಾನದ ಮುಂದೆ ಕೂರಿಸಿ ತೆಗೆದದ್ದಾಯಿತು. ಆಮೇಲೆ ಅದೇ ವಿಮಾನದ ಮುಂದೆ ಆಕುವಾ. ಅವಳು ಕೊರಳ ಬಟ್ಟೆ ಬಿಚ್ಚಿದಾಗ ಬಾಫೊ ಕಪ್ಪು ಬಟ್ಟೆಯೊಳಗಿಂದ ಬಹಳ ಹೊತ್ತು ತಲೆ ಹೊರಗೆ ತೆಗೆಯಲಿಲ್ಲ. ಮೂವತ್ತು ವರ್ಷ ಅವನು ಬೇರೆಯವರ ಕೊರಳಲ್ಲಿ ಬರೆಯುತ್ತ ಬಂದದ್ದು ಇಲ್ಲಿ ತಲೆಕೆಳಗಾಗಿ, ಗಾಜಿನ ಮೇಲೆ, ಅವನ ಕೈ ತಾಕದೆ ನಿಂತಿತ್ತು.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತಳು. ಕೊರಳಿಗೆ ಬೆರಳು ಒಯ್ಯಲಿಲ್ಲ. ಬಾಯಿ ಬಿಟ್ಟೇ ಹೇಳಿದಳು: "ಮೂರು ಹಾಕು ಕ್ವಾಕು. ನನಗೋಸ್ಕರ ಅಲ್ಲ."

ಬಾಫೊ ಅಂಪೆಮ್ ಕಡೆ ನೋಡಿದ. ಅಂಪೆಮ್ ಸೂರಿನ ಜಂತಿ ಎಣಿಸುತ್ತಿದ್ದ.

ಆಕುವಾ ಒಂದು ಹೆಜ್ಜೆ ಹಿಂದಕ್ಕೆ ಬಂದಳು. "ನಂದು ತೆಗೆದುಬಿಡು," ಅಂದಳು ಸಣ್ಣ ದನಿಯಲ್ಲಿ. ಎರಡು ಬೆರಳಿಂದ ತನ್ನ ಕೊರಳು ಸವರಿಕೊಂಡಳು, ಎಲ್ಲರೂ ಸವರಿಕೊಳ್ಳುವ ಹಾಗೆಯೇ.

ಅಜ್ಜಿಯ ಕೆಲಸ ಬೇಗ ಮುಗಿಯಿತು; ದಾರಿ ಗೊತ್ತಿದ್ದ ಕೈ. ಆಕುವಾಳ ನೆಗೆಟಿವ್ ಗಾಜಿಗೆ ಅಂಟಿಸಿದ ಮೇಲೆ ಬಾಫೊ ಪೆನ್ಸಿಲ್ ಹಿಡಿದು ಸುಮ್ಮನೆ ಕೂತ. ಬಿಸಿಲು ಕನ್ನಡಿ ಚೂರಿನಿಂದ ಜಾರಿತು, ಕನ್ನಡಿ ತಿರುಗಿಸಿದ, ಮತ್ತೆ ಜಾರಿತು.

ಅಂಪೆಮ್ ಬಾಗಿಲಲ್ಲಿ, ಬೀದಿಗೆ ಮುಖ ಮಾಡಿ, ಬೆನ್ನು ತೋರಿಸಿ ಕೂತಿದ್ದ. ಕಾವಲು ಅಂದರೆ ಹಾಗೆ.

"ಮುಗೀತಾ?" ಅಂದ ತಿರುಗದೆ.

"ಇಲ್ಲ. ನಾನು ಇವತ್ತಿನವರೆಗೆ ಯಾರ ಮುಖದಿಂದಾನೂ ಇದ್ದದ್ದನ್ನ ತೆಗೆದಿಲ್ಲ ಅಂಪೆಮ್. ಸಿಡುಬಿನ ಕಲೆ ತೆಗೆದಿದೀನಿ, ಗಾಯ ತೆಗೆದಿದೀನಿ. ಚೆಂದ ತೆಗೆದಿಲ್ಲ."

"ನಾನು ತೆಗೆದಿದೀನಪ್ಪ," ಅಂದ ಅಂಪೆಮ್. "ಸಭೇಲಿ ಒಬ್ಬ ಬಂದು ನೆಟ್ಟಗೆ ಒಂದು ಮಾತು ಹೇಳ್ತಾನೆ, ಚಾಕು ಹಾಗಿರುತ್ತೆ. ಎಂಥಾ ಚೆಂದ ಅದು! ಅದನ್ನ ಹಾಗೇ ದಾಟಿಸಿದ್ರೆ ಎರಡು ಮನೆ ಒಡೆಯುತ್ತೆ. ಮೊಂಡು ಮಾಡಿ ಕೊಡ್ತೀನಿ. ಮನೇಗೆ ಹೋಗಿ ನನ್ನ ಹೆಂಡತಿ ಹತ್ರ ಮಾತ್ರ ಮೂಲ ಮಾತು ಹೇಳ್ತೀನಿ." ಬೀದಿಯ ಕಡೆ ಕೋಲು ಚಾಚಿ, "ಬಿಸಿಲು ಹೋಗ್ತಿದೆ ನೋಡು," ಅಂದ.

ಬಾಫೊ ಬಗ್ಗಿದ. ಸುತ್ತಿನ ಗೆರೆಗಳು ನೆಗೆಟಿವ್ ಮೇಲೆ ತಿಳಿಯಾಗಿ, ಕೂದಲೆಳೆಯಷ್ಟು ತೆಳ್ಳಗೆ ಹೊಳೆಯುತ್ತಿದ್ದವು. ಅವುಗಳೊಳಗೆ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ತುಂಬತೊಡಗಿದ. ಮೇಲಿನದು ಹೋಯಿತು. ಕೆಳಗಿನದಕ್ಕೆ ಬರುವಾಗ ಪೆನ್ಸಿಲನ್ನು ಇನ್ನೊಮ್ಮೆ ಹೆರೆದುಕೊಂಡ. ಸೂರ್ಯ ಮರದ ತುದಿಗಿಳಿಯುವ ಹೊತ್ತಿಗೆ ಅಲ್ಲಿ ಯಾರದೋ ಬೋಳು ಕೊರಳು ಉಳಿದಿತ್ತು.

ಅದಾಯ್ ದಿನ ಅಂಗಳದಲ್ಲಿ ಎರಡು ಕುರ್ಚಿ, ಎರಡು ಫೋಟೋ. ಯಜಮಾನ ಜಾಂಫಿ ಬಗ್ಗಿ ಬೆರಳಿಟ್ಟು ಎಣಿಸಿದ. ಅಕ್ಕನ ಕೊರಳಲ್ಲಿ ಮೂರು. ಆಕುವಾಳ ಕೊರಳಲ್ಲಿ ಸೊನ್ನೆ. ಆಮೇಲೆ ಮಣೆಯ ಮೇಲಿದ್ದ ಅಕ್ಕನನ್ನು ನೋಡಿದ. ಅವನ ಹುಬ್ಬು ಗಂಟಾಯಿತು.

"ಅಕ್ಕಾ, ನೀನು ನೆರಳಲ್ಲಿ ಕೂತಿದೀಯ," ಅಂದ ಜಾಂಫಿ. "ಏನೂ ಸರಿಯಾಗಿ ಕಾಣಲ್ಲ. ಇರ್ಲಿ, ಫೋಟೋದಲ್ಲಿ ಸ್ಪಷ್ಟವಾಗಿದೆ."

ಅವನು ಆಕುವಾ ಕೊಟ್ಟ ಬಟ್ಟಲು ತೆಗೆದುಕೊಂಡು ಸಾರಿನಲ್ಲಿ ಕೈ ಅದ್ದಿದ. ಅಲ್ಲಿಗೆ ತೀರ್ಮಾನವಾಯಿತು.

*

ಆಕುವಾ ಮನೆಯಲ್ಲಿ ಉಳಿದಳು. ಅವಳ ಬೋಳು ಕೊರಳಿನ ಫೋಟೋವನ್ನು, ಸಾಕ್ಷಿ ಅಂತ, ಅಜ್ಜಿಯ ಫೋಟೋದ ಪಕ್ಕಕ್ಕೇ ಮೊಳೆ ಹೊಡೆದು ಹಾಕಿದರು. ಅವಳು ಅದರ ಕೆಳಗೇ ಗುಡಿಸುತ್ತಿದ್ದಳು, ಕುಟ್ಟುತ್ತಿದ್ದಳು, ನೀರು ತರುತ್ತಿದ್ದಳು. ಕೊರಳಿಗೆ ಬಟ್ಟೆ ಸುತ್ತುವುದನ್ನು ಒಂದೆರಡು ತಿಂಗಳಲ್ಲಿ ಬಿಟ್ಟಳು. ಬಂದವರೆಲ್ಲ ಫೋಟೋ ನೋಡಿ, "ಪಾಪ, ಆಕುವಾ ಇಳಿದುಹೋಗಿದಾಳೆ" ಎಂದು ಅವಳ ಎದುರೇ ಮರುಗುತ್ತಿದ್ದರು. ಅವಳು ಹೌದೆನ್ನುತ್ತಿದ್ದಳು. ಅದಾಯ್‌ಗೆ ಬಂದ ಜಾಂಫಿಯೂ ಗೋಡೆಯನ್ನೇ ನೋಡಿ ಉಂಡು ಹೋಗುತ್ತಿದ್ದ. ಅಜ್ಜಿ ಮತ್ತೆ ಸುಟ್ಟ ಬಾಳೆಕಾಯಿಗೆ ಮರಳಿ, ಸಂಜೆಯ ಹೊತ್ತು ಜಗುಲಿಯಲ್ಲಿ ಆಕುವಾಳನ್ನು ಮುಂದೆ ಕೂರಿಸಿಕೊಂಡು ಬೆರಳಿಂದ ಅವಳ ಎರಡು ಸುತ್ತುಗಳ ಮೇಲೆ ಎಣ್ಣೆ ಸವರುತ್ತಿದ್ದಳು.

ಮೂರು ವರ್ಷದ ಮೇಲೆ ಟಾಚಿವಾ ಅಜ್ಜಿ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ತಿಥಿಗೆ ಸೂತಕದ ಕೆಂಪು ಕಪ್ಪು ಬಟ್ಟೆಯುಟ್ಟ ಜನ ಅಂಗಳ ತುಂಬಿದರು. ಫ್ರಿಜ್ಜಿನ ಮುಂದಿನ ಅಜ್ಜಿ ಹೂವಿನ ನಡುವೆ ಕೂತು ಎಲ್ಲರಿಂದ ನಮಸ್ಕಾರ ತೆಗೆದುಕೊಂಡಳು. "ಎಂಥಾ ಕೊರಳಾಗಿತ್ತು ತಾಯೀ!" ಎಂದು ಹೆಂಗಸರು ಎದೆ ಬಡಿದುಕೊಂಡು ಅತ್ತರು. ಆಕುವಾ ಫೋಟೋದ ಕೆಳಗೆ, ತಲೆ ಬೋಳಿಸಿಕೊಂಡು, ಕೊರಳು ಬಿಟ್ಟುಕೊಂಡು ಕೂತಿದ್ದಳು. ಜಾಂಫಿಗೆ ಈಗ ಕಣ್ಣು ಮಂಜು. ಆದರೂ ಅವಳ ಹತ್ತಿರ ಬಂದವನು ತಟಕ್ಕನೆ ನಿಂತ. ಬಗ್ಗಿದ. ಬೆರಳಿಟ್ಟು ಎಣಿಸಿದ. ಒಂದು, ಎರಡು.

ಅವನು ಅಂಪೆಮ್ ಕಿವಿಯಲ್ಲಿ ಏನೋ ಅಂದ. ಅಂಪೆಮ್ ಕೋಲು ಊರಿದ. "ಯಜಮಾನರು ಹೇಳ್ತಾರೆ: ಅಕ್ಕ ಹೋಗುವಾಗ ಮೂರರಲ್ಲಿ ಒಂದನ್ನ ದಾರಿಗೆ ತಗೊಂಡು, ಎರಡನ್ನ ಮಗಳಿಗೆ ಬಿಟ್ಟು ಹೋಗಿದಾರೆ. ಹೆಣ್ಣಿನಿಂದ ಹೆಣ್ಣಿಗೆ ಬರಬೇಕಾದ್ದು ಬಂದಿದೆ. ಇದನ್ನ ಇನ್ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ, ಮನೇನೂ ಅವಳದೇ."

ಜಾಂಫಿ ಅಷ್ಟೆಲ್ಲ ಹೇಳಿದ್ದನೋ ಇಲ್ಲವೋ ಅಂಪೆಮ್‌ನ ಹೆಂಡತಿಗೆ ಮಾತ್ರ ಗೊತ್ತು. ಜಾಂಫಿಯಂತೂ ತಲೆಯಾಡಿಸಿದ, ಸಭೆಯೂ ಗುನುಗಿತು.

ಅಜ್ಜಿ ಸತ್ತ ನಲವತ್ತನೆಯ ದಿನ ಕಳೆದ ಮೇಲೆ ಆಕುವಾ ಬಾಫೊನಲ್ಲಿಗೆ ಬಂದಳು. ಅವನ ಕೈ ಸಣ್ಣಗೆ ನಡುಗುತ್ತಿತ್ತು ಆಗ. ಪೆನ್ಸಿಲಿನ ಮೊನೆ ದಿನಕ್ಕೆರಡು ಸಲ ಮುರಿಯುತ್ತಿತ್ತು. ಪರದೆ ಯಾವುದೆಂದು ಅವನು ಕೇಳುವ ಮೊದಲೇ ಅವಳು ಬರೀ ಗೋಡೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಅಂಗೈ ಮಂಡಿಯ ಮೇಲೆ, ಹತ್ತು ಬೆರಳು, ಎರಡು ಕಿವಿ. ನಗಬಾರದೆಂದು ಗೊತ್ತಿದ್ದೂ ನಕ್ಕಳು. ಬಾಫೊ ಬೇಡ ಅನ್ನಲಿಲ್ಲ.

ಎದ್ದು ಹೊರಟಾಗ ಬಾಗಿಲಲ್ಲಿ ನಿಂತಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಮುಟ್ಟಬೇಡ," ಅಂದಳು.

"ಕಣ್ಣಿನ ಕೆಳಗೆ ಒಂಚೂರು..." ಅಂದ ಬಾಫೊ.

"ಕ್ವಾಕು."

"ಆಯ್ತು ತಾಯಿ, ಆಯ್ತು," ಅಂದ ಅವನು, ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದು ಡಬ್ಬಿಯೊಳಗೆ ಹಾಕುತ್ತ.